ಹದಿನಾರರಲ್ಲಿ ಮಾತ್ರ ನಿಜ ಹೇಳಿದ ಲೆನ್ಸು

ಆ ಲೆನ್ಸಿನ ಹೊರಮೈ ಹಳದಿ ಹಿತ್ತಾಳೆಯದು ಎಂದು ನನಗೆ ನೆನಪು. ಅಲ್ಲ, ಕಪ್ಪು ಬಣ್ಣ ಬಳಿದದ್ದು, ಅಂಚಿನಲ್ಲಿ ಬಣ್ಣ ಸವೆದು ಹಿತ್ತಾಳೆ ಇಣುಕುತ್ತಿತ್ತು ಎಂದು ನನ್ನ ಹೆಂಡತಿ ಹೇಳುತ್ತಾಳೆ. ತಿರುವನಂತಪುರ ಬಿಡುವಾಗ ಲೆನ್ಸನ್ನು ಗೆಳೆಯರೊಬ್ಬರಿಗೆ ಕೊಟ್ಟುಬಂದೆವು, ಹಾಗಾಗಿ ಈ ವ್ಯಾಜ್ಯ ತೀರುವಂಥದ್ದಲ್ಲ. ನನ್ನ ಬಳಿ ಉಳಿದಿರುವ ಸಾಕ್ಷಿ ಅಂಗೈಗಿಂತ ತುಸು ದೊಡ್ಡದಾದ ಒಂದು ನೆಗೆಟಿವ್ ಮಾತ್ರ. ನೆನಪು ಹೇಳಿದ್ದನ್ನೆಲ್ಲ ಅದರ ಪಕ್ಕ ಇಟ್ಟು ನೋಡುತ್ತಾ ಬರೆಯುತ್ತಿದ್ದೇನೆ. ಅಂದು ಮಳೆ ಬರುತ್ತಿತ್ತು ಎಂದು ನೆನಪು ಹೇಳುತ್ತದೆ. ನೆಗೆಟಿವ್‌ನಲ್ಲಿ ಕಿಟಕಿಯ ಸರಳುಗಳ ನೆರಳು ನೆಲದ ಮೇಲೆ ಗೆರೆ ಎಳೆದ ಹಾಗೆ ಬಿದ್ದಿದೆ. ಅಂದಮೇಲೆ ಬಿಸಿಲಿತ್ತು. ನಾನು ನೆಗೆಟಿವ್‌ನ ಮಾತನ್ನೇ ನಂಬುತ್ತೇನೆ.

ತೊಂಬತ್ತರ ದಶಕದ ನಡುಭಾಗ. ನನಗೆ ತುಂಬದ ರಾಕೆಟ್ ಕೇಂದ್ರದಲ್ಲಿ ಕೆಲಸ. ಭೌತಶಾಸ್ತ್ರ ಓದಿದವನು, ಯಾವುದನ್ನೂ ಅಳೆಯದೆ ನಂಬಬಾರದು ಎಂದು ಕಲಿತವನು, ಮನೆಯಲ್ಲಿ ಅದೇ ಪಾಠವನ್ನು ಎಲ್ಲರಿಗೂ ಒಪ್ಪಿಸಿ ಬೈಸಿಕೊಳ್ಳುತ್ತಿದ್ದವನು. ನನ್ನ ಹೆಂಡತಿ ಮೈಸೂರಿನವಳು. ಅವಳ ತಾಯಿ ತಾವು ಗೊಂಬೆ ಕೂರಿಸುವುದನ್ನು ನಿಲ್ಲಿಸಿದಾಗ ಮನೆಯ ಗೊಂಬೆಗಳನ್ನೆಲ್ಲ ಮರದ ಪೆಟ್ಟಿಗೆಗಳಲ್ಲಿ ತುಂಬಿಸಿ ಇಬ್ಬರು ಹೆಣ್ಣುಮಕ್ಕಳಿಗೂ ಸೇರಿ ಎಂದು ಕಳುಹಿಸಿದ್ದರು. ಪಟ್ಟದ ಗೊಂಬೆ, ಅಂದರೆ ರಾಜ ರಾಣಿಯ ಜೋಡಿ, ಇಬ್ಬರಿಗೂ ಮದುವೆಯಲ್ಲೇ ಬೇರೆ ಬೇರೆ ಸಿಕ್ಕಿತ್ತು. ಜಂಟಿಯಾಗಿ ಬಂದದ್ದು ಉಳಿದದ್ದು. ಅದರಲ್ಲಿ ಮುಖ್ಯವಾದದ್ದು ಜಂಬೂಸವಾರಿಯ ಮೆರವಣಿಗೆ. ಅಂಬಾರಿಯ ಆನೆ, ಒಂಟೆ ಸವಾರರು, ವಾದ್ಯದವರು, ಛತ್ರಿ ಚಾಮರ ಹಿಡಿದವರು, ಬೆರಳುದ್ದದ ಸಿಪಾಯಿಗಳ ದೊಡ್ಡ ಸಾಲು. ಒಂದೊಂದರ ಮುಖವೂ ಬೇರೆ. ಬರೆದವನು ಯಾರೋ ಬೇಸರವಿಲ್ಲದೆ ಬರೆದಿದ್ದ.

ಅಷ್ಟೂ ವರ್ಷ ಗೊಂಬೆಗಳು ನಮ್ಮ ಮನೆಯಲ್ಲೇ ಕೂರುತ್ತಿದ್ದವು. ತಿರುವನಂತಪುರದಲ್ಲಿ ಅದು ಹೊಸದೇನಲ್ಲ, ಅಲ್ಲಿ ಅದಕ್ಕೆ ಬೊಮ್ಮಕ್ಕೊಲು ಅನ್ನುತ್ತಾರೆ. ಅಕ್ಕಪಕ್ಕದವರು ಸಂಜೆ ಬಂದು ನೋಡಿ, ಕಡಲೆ ಉಸಲಿ ತಿಂದು ಹೋಗುತ್ತಿದ್ದರು. ನನ್ನ ನಾದಿನಿ, ಹೆಂಡತಿಯ ತಂಗಿ, ಕೊಚ್ಚಿ ಪಕ್ಕದ ಕಳಮಶ್ಶೇರಿಯಲ್ಲಿದ್ದಳು. ಅವಳ ಗಂಡ ಅಲ್ಲಿಯ ಒಂದು ಕಾರ್ಖಾನೆಯಲ್ಲಿ ಎಂಜಿನಿಯರ್, ಧಾರವಾಡದ ಕಡೆಯವರು. ಆ ವರ್ಷ ಅವರಿಗೆ ದೊಡ್ಡ ಕ್ವಾರ್ಟರ್ಸ್ ಸಿಕ್ಕಿತು, ಅವರ ಮಗಳಿಗೂ ಗೊಂಬೆ ನೋಡುವ ವಯಸ್ಸಾಯಿತು. ಮುಂದಿನ ವರ್ಷದಿಂದ ತನ್ನ ಮನೆಯಲ್ಲೂ ಕೂರಿಸುತ್ತೇನೆ ಎಂದಳು. ನ್ಯಾಯವಾದ ಮಾತು. ವಿಜಯದಶಮಿ ಕಳೆದ ಮೇಲೆ ಗೊಂಬೆಗಳನ್ನು ಎರಡು ಪಾಲು ಮಾಡುವುದು ಎಂದಾಯಿತು. ಮೆರವಣಿಗೆಯನ್ನೂ.

ಹೆಂಡತಿ ಜಗಳ ಆಡಲಿಲ್ಲ. ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದಳು. "ಬೇರೆ ಮಾಡೋ ಮುಂಚೆ ಒಂದು ಫೋಟೋ ಬೇಕು. ಎಲ್ಲಾ ಗೊಂಬೆಯ ಮುಖಾನೂ ಕಾಣ್ಬೇಕು. ಹಿಂದಿನ ಸಾಲಿನ ಸಿಪಾಯಿಗೆ ಮೀಸೆ ಇತ್ತೋ ಇಲ್ವೋ ಅಂತ ಕೇಳಿದ್ರೂ ನೋಡಿ ಹೇಳೋ ಹಾಗಿರ್ಬೇಕು."

"ಆಗುತ್ತೆ" ಎಂದೆ.

"ಹೋದ ವರ್ಷಾನೂ ಹಾಗೇ ಅಂದ್ರಿ."

ಹೋದ ವರ್ಷ ಸಹೋದ್ಯೋಗಿಯೊಬ್ಬರ ಚಿಕ್ಕ ಕ್ಯಾಮೆರಾ ತಂದಿದ್ದೆ. ನಮ್ಮ ಮನೆಯ ಹಾಲ್ ಕಿರಿದು. ಗೊಂಬೆ ಕೂರಿಸಿದ ಮೆಟ್ಟಿಲುಗಳನ್ನೆಲ್ಲ ಚೌಕಟ್ಟಿನೊಳಗೆ ಹಿಡಿಯಬೇಕೆಂದು ಅಗಲ ನೋಟದ ಲೆನ್ಸು ಹಾಕಿ, ಹತ್ತಿರದಿಂದ ತೆಗೆದಿದ್ದೆ. ಅಂಥ ಲೆನ್ಸು ಹತ್ತಿರದ್ದನ್ನು ಊದಿಸುತ್ತದೆ, ದೂರದ್ದನ್ನು ಕುಗ್ಗಿಸುತ್ತದೆ. ಪ್ರಿಂಟ್ ಬಂದಾಗ ಕೆಳಗಿನ ಮೆಟ್ಟಿಲಲ್ಲಿ ದಿನಸಿ ಅಂಗಡಿ ಇಟ್ಟುಕೊಂಡು ಕೂತ ಶೆಟ್ಟಿ, ಮೇಲಿನ ಮೆಟ್ಟಿಲ ಮಹಾರಾಜನಿಗಿಂತ ದೊಡ್ಡವನಾಗಿದ್ದ. "ರಾಜ್ಯ ಅಂಗಡಿಯವರ ಕೈಗೆ ಹೋಯ್ತು" ಎಂದು ನಾದಿನಿ ನಕ್ಕಿದ್ದಳು. ಮೆರವಣಿಗೆಯ ಸಿಪಾಯಿಗಳು ಇರುವೆ ಸಾಲಿನ ಹಾಗೆ ಕಂಡಿದ್ದರು.

ಈ ಸಲ ನನ್ನ ಬಳಿ ಬೇರೆ ಆಯುಧವಿತ್ತು. ಹಾಫ್ ಪ್ಲೇಟಿನ ಹಳೆಯ ಮರದ ಕ್ಯಾಮೆರಾ. ತೇಗದ ಚೌಕಟ್ಟು, ಮಡಿಸುವ ಚರ್ಮದ ತಿದಿ, ಹಿಂದೆ ಗ್ರೌಂಡ್ ಗ್ಲಾಸ್ ಎಂಬ ಮಸುಕು ಗಾಜು. ಅದರ ಮೇಲೆ ದೃಶ್ಯ ತಲೆಕೆಳಗಾಗಿ ಮೂಡುತ್ತದೆ. ಕಪ್ಪು ಬಟ್ಟೆ ಹೊದ್ದು ನೋಡಬೇಕು. ಅಂಚೆ ಕಾರ್ಡಿಗಿಂತ ದೊಡ್ಡ ಫಿಲ್ಮ್ ಅದರಲ್ಲಿ ಕೂರುತ್ತದೆ. ಅಷ್ಟು ದೊಡ್ಡ ಫಿಲ್ಮಿನ ಮೇಲೆ ಬೆರಳುದ್ದದ ಸಿಪಾಯಿಗೂ ಮೀಸೆ ಇರುತ್ತದೆ. ತಿರುವನಂತಪುರದಲ್ಲೇ ಒಬ್ಬರು ಅಟ್ಟ ಖಾಲಿ ಮಾಡುವಾಗ ಸಿಕ್ಕಿದ್ದು. ಆದರೆ ಅದರ ಲೆನ್ಸು ಹಾಳಾಗಿತ್ತು. ಕೇರಳದ ತೇವಕ್ಕೆ ಗಾಜಿನೊಳಗೆ ಬೂಷ್ಟು ಹಬ್ಬಿ, ಟಾರ್ಚ್ ಹಿಡಿದರೆ ಜೇಡರ ಬಲೆಯಂತೆ ಕಾಣುತ್ತಿತ್ತು. ಬೇರೆ ಲೆನ್ಸು ಹುಡುಕಬೇಕಿತ್ತು.

ನವರಾತ್ರಿಗೆ ಇನ್ನೂ ಕೆಲವು ವಾರ ಇರುವಾಗ ಕ್ಯಾಮೆರಾವನ್ನು ಬಟ್ಟೆಚೀಲದಲ್ಲಿ ಸುತ್ತಿಕೊಂಡು ರೈಲಿನಲ್ಲಿ ಎರ್ನಾಕುಲಕ್ಕೆ ಹೋದೆ. ಷಡ್ಡಕರು ಕಳಮಶ್ಶೇರಿಯಿಂದ ಬಂದು ಎಡಪ್ಪಳ್ಳಿಯಲ್ಲಿ ಕಾದಿದ್ದರು. ಜಂಕ್ಷನ್ನಿನಿಂದ ಒಳಗೆ ಹೋಗುವ ರಸ್ತೆಯಲ್ಲಿ ಅವರಿಗೆ ಗೊತ್ತಿದ್ದ ಒಂದು ಹಳೆಯ ಸ್ಟುಡಿಯೋ. ಮಾಲೀಕರಿಗೆ ವಯಸ್ಸಾಗಿತ್ತು, ದೊಡ್ಡ ಕ್ಯಾಮೆರಾ ಬಿಟ್ಟು ಬಹಳ ಕಾಲವಾಗಿತ್ತು. ಲೆನ್ಸುಗಳನ್ನು ಮಾತ್ರ ಒಂದು ಬಿಸ್ಕತ್ ಡಬ್ಬದಲ್ಲಿ, ತೇವ ತಾಗದಿರಲಿ ಎಂದು ಅಕ್ಕಿಯೊಳಗೆ ಹೂತಿಟ್ಟಿದ್ದರು. ಅಕ್ಕಿಗೆ ಕೈ ಹಾಕಿ ಒಂದೊಂದಾಗಿ ತೆಗೆದು ಮೇಜಿನ ಮೇಲಿಟ್ಟರು. "ನೋಕ್ಕಿಕ್ಕೋ ಸಾರೇ", ನೋಡಿಕೊಳ್ಳಿ ಎಂದು ನಮ್ಮನ್ನು ಬಿಟ್ಟು ಯಾರದೋ ಪಾಸ್‌ಪೋರ್ಟ್ ಫೋಟೋ ತೆಗೆಯಲು ಒಳಗೆ ಹೋದರು.

ಮೂರು ಲೆನ್ಸು. ಮೂರೇ ಎಂದು ನನಗೆ ನೆನಪು. ಷಡ್ಡಕರು ನಾಲ್ಕು ಅನ್ನುತ್ತಾರೆ, ಆದರೆ ನಾಲ್ಕನೆಯದು ಯಾವುದೆಂದು ಹೇಳಲು ಅವರಿಗೂ ಬರುವುದಿಲ್ಲ.

ಮೊದಲನೆಯದು ಹೊಸ ಕಾಲದ್ದು. ಗಾಜಿನ ಮೇಲೆ ನೇರಳೆ ಹೊಳಪು, ಅದಕ್ಕೇ ಜೋಡಿಸಿದ ಶಟರು, ಒತ್ತಿದರೆ ಕೀಟದ ಹಾಗೆ ಕಿರ್ ಎನ್ನುತ್ತಿತ್ತು. ಷಡ್ಡಕರು ಅದನ್ನು ಕೈಯಿಂದ ಕೆಳಗಿಡಲಿಲ್ಲ. ನಾನು ಬೆಂಚಿನ ಮೇಲೆ ಕ್ಯಾಮೆರಾ ಬಿಚ್ಚಿ, ರಟ್ಟಿಗೆ ತೂತು ಮಾಡಿ ಲೆನ್ಸನ್ನು ಅದರಲ್ಲಿ ಸಿಕ್ಕಿಸಿದೆ. ಹಳೆಯ ಕ್ಯಾಮೆರಾಗಳ ಮಸುಕು ಗಾಜಿಗೆ ನಾಲ್ಕೂ ಮೂಲೆ ಚೂರು ಕತ್ತರಿಸಿರುತ್ತಾರೆ. ಆ ಸಂದಿಗೆ ಕಣ್ಣಿಟ್ಟು ಲೆನ್ಸಿನ ಕಡೆ ನೋಡಬೇಕು. ಲೆನ್ಸಿನ ತೂತು ಪೂರ್ತಿ ದುಂಡಗೆ ಕಂಡರೆ ಬೆಳಕು ಆ ಮೂಲೆಯವರೆಗೂ ತಲುಪುತ್ತದೆ ಎಂದರ್ಥ. ದುಂಡಗೆ ಕಾಣದೆ ಎಲೆಯ ಹಾಗೆ ಚಪ್ಪಟೆಯಾಗಿ ಕಂಡರೆ ಫೋಟೋದ ಮೂಲೆ ಕಪ್ಪಾಗುತ್ತದೆ. ಇದನ್ನು ನಾನು ಓದಿ ತಿಳಿದಿದ್ದೆ. ಅಂದು ಮೊದಲ ಸಲ ಮಂಡಿಯೂರಿ ನೋಡಿದೆ. ಹೊಳೆಯುವ ಲೆನ್ಸು ಮೂಲೆಯಿಂದ ಮುಕ್ಕಾಲು ಮುಚ್ಚಿದ ಕಣ್ಣಿನ ಹಾಗಿತ್ತು. ಅದು ಇನ್ನೂ ಚಿಕ್ಕ ಫಿಲ್ಮಿಗೆಂದು ಮಾಡಿದ್ದು.

"ಮೂಲ್ಯಾಗ ಏನ್ ಇರ್ತೈತ್ರಿ? ಬರೀ ಗ್ವಾಡಿ" ಎಂದರು ಷಡ್ಡಕರು.

"ಮೂಲೆಯಲ್ಲಿ ಮೆರವಣಿಗೆಯ ಕೊನೆಯ ಒಂಟೆ ಇರುತ್ತೆ."

ಎರಡನೆಯದು ದಪ್ಪನೆಯ ಹಿತ್ತಾಳೆಯ ಕೊಳವೆ, ಮುಖಚಿತ್ರಕ್ಕೆ ಮಾಡಿದ್ದು. ಗಾಜಿನ ನಡುವೆ ಬಿದ್ದದ್ದು ಕೂದಲೆಳೆಯಷ್ಟು ಸ್ಪಷ್ಟ, ಅಂಚಿಗೆ ಬಂದಂತೆ ಬೆಣ್ಣೆ ಕರಗಿದ ಹಾಗೆ. ಅದರಲ್ಲಿ ಒಬ್ಬ ಸುಂದರಿಯನ್ನು ತೆಗೆಯಬಹುದು, ಸಿಪಾಯಿಗಳ ಸಾಲನ್ನಲ್ಲ. ಅಲ್ಲದೆ ಅದು ದೂರ ನೋಟದ್ದು. ನಮ್ಮ ಮೆಟ್ಟಿಲನ್ನು ಪೂರ್ತಿ ಹಿಡಿಯಬೇಕಾದರೆ ಕ್ಯಾಮೆರಾವನ್ನು ಅಡುಗೆಮನೆಯ ಗೋಡೆಯಾಚೆ ಇಡಬೇಕಾಗುತ್ತಿತ್ತು.

ಮೂರನೆಯದು ಸಣ್ಣದು, ನೋಡಲು ಏನೂ ಅಲ್ಲ. ಎರಡು ಗಾಜಿನ ತುಂಡು, ನಡುವೆ ತೂತನ್ನು ಹಿರಿದು ಕಿರಿದು ಮಾಡುವ ತೆಳು ಎಲೆಗಳು, ಪಕ್ಕದಲ್ಲಿ ಕೆತ್ತಿದ ಅಂಕಿಗಳು. ನಾಲ್ಕು, ಎಂಟು, ಹದಿನಾರು, ಮೂವತ್ತೆರಡು, ಅರವತ್ನಾಲ್ಕು. ಶಟರು ಇಲ್ಲ, ಬರಿ ಮುಚ್ಚಳ. ಟಾರ್ಚ್ ಹಿಡಿದೆ, ಬೂಷ್ಟಿಲ್ಲ. ಕಿಟಕಿಯಾಚೆಯ ಬಸ್ಸನ್ನು ಮಸುಕು ಗಾಜಿನ ಮೇಲೆ ಸ್ಪಷ್ಟ ಮಾಡಿದಾಗ ತಿದಿಯ ಉದ್ದ, ಅಂದರೆ ಲೆನ್ಸಿನ ನೋಟದ ಉದ್ದ, ಸುಮಾರು ಎಂಟು ಇಂಚು ಬಂತು. ನಮ್ಮ ಹಾಲಿಗೆ ಹೇಳಿ ಮಾಡಿಸಿದ್ದು. ಕ್ಯಾಮೆರಾ ಕೋಣೆಯ ಬಾಗಿಲಲ್ಲಿ ನಿಂತರೆ ಸಾಕು, ಶೆಟ್ಟಿ ಶೆಟ್ಟಿಯಾಗಿಯೇ ಇರುತ್ತಾನೆ, ರಾಜ ರಾಜನಾಗಿ. ಮೂಲೆಗೆ ಕಣ್ಣಿಟ್ಟೆ. ತೂತು ಚಂದ್ರನ ಹಾಗೆ ದುಂಡಗಿತ್ತು.

"ಏನ್ರಿ ಸೈಂಟಿಸ್ಟ್ ಸಾಹೇಬ್ರ, ರಾಕೆಟ್ ಬಿಡೂ ಊರಿಂದ ಬಂದು ಈ ಕೊಡೆ ಹಿಡಿಕಿಯಂಥಾದ್ನ ಒಯ್ತೀರೇನ್ರಿ?"

"ನಾಲ್ಕಕ್ಕೆ ತೆರೆಯುತ್ತೆ ನೋಡಿ. ಇಷ್ಟು ಚಿಕ್ಕ ಲೆನ್ಸು ನಾಲ್ಕಕ್ಕೆ!" ಎಂದೆ ಹೆಮ್ಮೆಯಿಂದ. ಲೆನ್ಸಿನ ಅಂಕಿ ಚಿಕ್ಕದಾದಷ್ಟೂ ತೂತು ದೊಡ್ಡದು, ಬೆಳಕು ಹೆಚ್ಚು. ನಾಲ್ಕಕ್ಕೆ ತೆರೆಯುವ ಲೆನ್ಸುಗಳು ಸಾಮಾನ್ಯವಾಗಿ ದಪ್ಪ, ಭಾರ. ಆ ಮಾತಿನಲ್ಲೇ ಒಂದು ಪ್ರಶ್ನೆ ಅಡಗಿತ್ತು, ಅದನ್ನು ಕೇಳಿಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ಮನೆಗೆ ತಂದು ಪರೀಕ್ಷೆ ಮಾಡಿದೆ. ಗೋಡೆಗೆ ಮಲಯಾಳಂ ಪತ್ರಿಕೆಯ ಹಾಳೆಗಳನ್ನು ಅಂಟಿಸಿ, ಅಂಕಿಯನ್ನು ನಡುವಿನ ಹದಿನಾರಕ್ಕಿಟ್ಟು, ಬೆಳಕಿನ ಮೀಟರ್ ಹೇಳಿದಷ್ಟು ಹೊತ್ತು ಮುಚ್ಚಳ ತೆಗೆದಿಟ್ಟು ಮುಚ್ಚಿದೆ. ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿ ಫಿಲ್ಮ್ ತೊಳೆದೆ. ಮೂಲೆಯಲ್ಲಿದ್ದ ವರನ ಜಾಹೀರಾತಿನ ಅಕ್ಷರಗಳು ಕೂಡ ಕಡೆದಿಟ್ಟ ಹಾಗಿದ್ದವು. ಬೆಳಕು ಎಷ್ಟು ಬೇಕೋ ಅಷ್ಟೇ. ಹೆಂಡತಿಗೆ ತೋರಿಸಿದೆ. "ಇದರಲ್ಲಿ ಗೊಂಬೆ ಬಿಟ್ಟು ಎಲ್ಲಾ ಇದೆ" ಎಂದಳು. ಅವಳ ಮಟ್ಟಿಗೆ ಅದು ಮೆಚ್ಚುಗೆ.

ಅಷ್ಟಮಿಯ ಬೆಳಿಗ್ಗೆ ಗೊಂಬೆಗಳ ಫೋಟೋ. ಹಾಲಿಗೆ ಬೆಳಕು ಬರುವುದು ಪೂರ್ವದ ಕಿಟಕಿಯಿಂದ, ಬೆಳಿಗ್ಗೆ ಮಾತ್ರ. ಫ್ಯಾನ್ ಆರಿಸಿ, ನಮ್ಮ ಮಗಳಿಗೆ ಓಡಬೇಡ ಎಂದು ಹೇಳಿ, ಬಟ್ಟೆಯೊಳಗೆ ತಲೆ ಹಾಕಿದೆ. ಮೆಟ್ಟಿಲುಗಳು ಮೇಲೇರುತ್ತ ಹಿಂದಕ್ಕೆ ಸರಿಯುತ್ತವೆ. ಕೆಳಗಿನದು ಸ್ಪಷ್ಟವಾದರೆ ಮೇಲಿನದು ಮಸುಕು. ಮರದ ಕ್ಯಾಮೆರಾದ ದೊಡ್ಡಸ್ತಿಕೆ ಇಲ್ಲಿದೆ. ಹಿಂಭಾಗದ ಚೌಕಟ್ಟನ್ನು ಓರೆ ಮಾಡಬಹುದು. ಅದರ ಮೇಲ್ತುದಿಯನ್ನು ಸ್ವಲ್ಪ ಹಿಂದಕ್ಕೆ ವಾಲಿಸಿದಾಗ, ಶೆಟ್ಟಿಯ ತಕ್ಕಡಿಯಿಂದ ರಾಜನ ಕಿರೀಟದವರೆಗೆ ಸ್ಪಷ್ಟತೆ ಮೆಟ್ಟಿಲು ಹತ್ತಿಕೊಂಡು ಹೋಯಿತು. ಆ ಗಳಿಗೆಯ ಖುಷಿಯನ್ನು ಮಾತ್ರ ನಾನು ಅನುಮಾನಿಸುವುದಿಲ್ಲ. ಆದರೂ ಒಂದೊಂದು ಗೊಂಬೆಯೂ ಮೆಟ್ಟಿಲ ಮೇಲೆ ನೆಟ್ಟಗೆ ನಿಂತಿದೆ. ಅಡಿಯೂ ಮುಡಿಯೂ ಸ್ಪಷ್ಟವಾಗಬೇಕಾದರೆ ತೂತು ಬಹಳ ಕಿರಿದಾಗಬೇಕು. ಅಂಕಿಯನ್ನು ಅರವತ್ನಾಲ್ಕಕ್ಕೆ ತಂದೆ. ಲೆಕ್ಕ ಮಾಡಿದೆ. ಅಂಕಿ ದುಪ್ಪಟ್ಟಾದರೆ ಬೆಳಕು ಬಿಡುವ ಹೊತ್ತು ನಾಲ್ಕು ಪಟ್ಟಾಗಬೇಕು, ಇದು ಕ್ಯಾಮೆರಾ ಹಿಡಿದವರಿಗೆಲ್ಲ ಗೊತ್ತಿರುವ ನಿಯಮ. ಹದಿನಾರರಿಂದ ಅರವತ್ನಾಲ್ಕಕ್ಕೆ ಎರಡು ಸಲ ದುಪ್ಪಟ್ಟು, ಅಂದರೆ ಹೊತ್ತು ಹದಿನಾರು ಪಟ್ಟು. ಅದರ ಮೇಲೆ, ದೀರ್ಘ ಹೊತ್ತಿನಲ್ಲಿ ಫಿಲ್ಮ್ ಸುಸ್ತಾಗುತ್ತದೆಂದು ಇನ್ನಷ್ಟು. ಒಟ್ಟು ಮೂರು ನಿಮಿಷವೋ ನಾಲ್ಕೋ ಮನೆ ಉಸಿರು ಹಿಡಿದು ನಿಂತಿತ್ತು.

ಸಂಜೆ ನೆರೆಯವರ ಪದ್ಧತಿಯಂತೆ ನಮ್ಮ ಮನೆಯಲ್ಲೂ ಪುಸ್ತಕ, ಸಲಕರಣೆಗಳೆಲ್ಲ ಪೂಜೆಗೆ ಹೋದವು. ಕೇರಳದಲ್ಲಿ ಅಷ್ಟಮಿ ಸಂಜೆ ಪೂಜೆಗೆ ಇಟ್ಟರೆ ದಶಮಿ ಬೆಳಿಗ್ಗೆವರೆಗೆ ಓದುವ ಹಾಗಿಲ್ಲ, ಉಪಯೋಗಿಸುವ ಹಾಗಿಲ್ಲ. ಮಗಳು ತನ್ನ ಗಣಿತದ ಪುಸ್ತಕವನ್ನು ಎಲ್ಲಕ್ಕಿಂತ ಕೆಳಗೆ ಭದ್ರವಾಗಿಟ್ಟಳು. ನನ್ನ ಫೋಟೋಗ್ರಫಿ ಪುಸ್ತಕಗಳು, ಸ್ಕೇಲು, ಕ್ಯಾಲಿಪರ್ಸ್, ಕ್ಯಾಲ್ಕುಲೇಟರ್, ಹೆಂಡತಿಯ ಹೊಲಿಗೆ ಯಂತ್ರ, ಅಳತೆ ಟೇಪು ಎಲ್ಲವೂ ಅರಿಶಿನ ಕುಂಕುಮ ಹಚ್ಚಿಕೊಂಡು ರೇಷ್ಮೆ ವಸ್ತ್ರದ ಕೆಳಗೆ ಕೂತವು. ಕ್ಯಾಮೆರಾ ಮತ್ತು ಮೀಟರ್‌ಗೆ ಮಾತ್ರ ಹೆಂಡತಿ ವಿನಾಯಿತಿ ಕೊಟ್ಟಳು. "ಅದರ ಕೆಲಸ ಇನ್ನೂ ಮುಗಿದಿಲ್ಲ. ಅದಕ್ಕೆ ದಶಮಿಗೆ ಪೂಜೆ."

ನವಮಿಯ ಬೆಳಿಗ್ಗೆ ಷಡ್ಡಕರ ಸಂಸಾರ ಕೊಚ್ಚಿಯಿಂದ ಬಂತು. ನಾನು ಬಚ್ಚಲುಮನೆಯಿಂದ ನೆಗೆಟಿವ್ ಹಿಡಿದುಕೊಂಡು ಬಂದೆ. ಕಿಟಕಿಗೆ ಹಿಡಿದರೆ ಸೂರ್ಯನೇ ಕಾಣಿಸದಷ್ಟು ಕಪ್ಪು. ಹೇಗೋ ಒಂದು ಪ್ರಿಂಟ್ ಹಾಕಿದೆ. ಸುಣ್ಣ ಬಳಿದ ಮುಖದ ಗೊಂಬೆಗಳೆಲ್ಲ ಬೇಯಿಸಿದ ಮೊಟ್ಟೆಗಳಾಗಿದ್ದವು. ರಾಣಿಗೆ ಕಣ್ಣಿಲ್ಲ, ಮೂಗಿಲ್ಲ. ಆನೆಯ ಅಂಬಾರಿ ಒಂದು ಬಿಳಿ ಮುದ್ದೆ. ಬೆಳಕು ಅತಿಯಾಗಿತ್ತು.

ಹೆಂಡತಿ ಪ್ರಿಂಟನ್ನು ನೋಡಿದಳು, ಗೊಂಬೆಗಳ ಕಡೆ ನೋಡಿದಳು. ಆಮೇಲೆ ಕೇಳಿದಳು. "ನಾಳೆ ಬೆಳಿಗ್ಗೆ ಇನ್ನೊಂದ್ಸಲ ಆಗುತ್ತಾ?"

"ಅಕ್ಕಾ, ನಾಳೆ ಆಗದಿದ್ರೆ ನಾಡಿದ್ದು ಮತ್ತೆ ಜೋಡಿಸಿದ್ರಾಯ್ತು" ಎಂದಳು ನಾದಿನಿ.

"ಸಂಜೆ ಆರತಿ ಮಾಡಿ ಮಲಗಿಸಿದ ಮೇಲೆ ಎಬ್ಬಿಸೋಕಾಗುತ್ತೇನೆ? ಅಮ್ಮ ಯಾವತ್ತಾದ್ರೂ ಎಬ್ಬಿಸಿದ್ಲಾ?"

ವಿಜಯದಶಮಿಯ ಸಂಜೆ ಪಟ್ಟದ ಗೊಂಬೆಯನ್ನು ಮಲಗಿಸಿಬಿಟ್ಟರೆ ಆ ವರ್ಷದ ದರ್ಬಾರು ಮುಗಿಯಿತು. ನನಗೆ ಅದರಲ್ಲಿ ನಂಬಿಕೆ ಇತ್ತೇ? ಇರಲಿಲ್ಲ. ಆದರೆ ಫೋಟೋ ಬೇಕಾದದ್ದು ನನಗಲ್ಲ. ಉಳಿದದ್ದು ನಾಳೆಯ ಬೆಳಿಗ್ಗೆಯ ಬಿಸಿಲು. ತಪ್ಪು ಎಲ್ಲಿ ಎಂದು ಅಷ್ಟರೊಳಗೆ ಗೊತ್ತಾಗದಿದ್ದರೆ ಅದೇ ಮೊಟ್ಟೆಗಳು ಮತ್ತೆ ಬರುತ್ತವೆ.

ಮೀಟರನ್ನು ಅನುಮಾನಿಸಿದೆ. ತೊಳೆಯುವ ದ್ರಾವಣವನ್ನು, ನೀರನ್ನು, ಫಿಲ್ಮಿನ ಡಬ್ಬಿಯನ್ನು. ಹಾಲಿನಲ್ಲಿ ಓಡಾಡುತ್ತಲೇ ಇದ್ದೆ. ಷಡ್ಡಕರು ಕುರ್ಚಿಯಲ್ಲಿ ಕಾಲು ಚಾಚಿ ಉಸಲಿ ತಿನ್ನುತ್ತಾ "ಆ ಹೊಳಪಿಂದ್ ತಗೊಂಡಿದ್ರ ಈಗ ಆರಾಮ್ ಮಲಗಬಹುದಿತ್ತು" ಎಂದರು.

"ಲೆನ್ಸಿನದಲ್ಲ ತಪ್ಪು. ಅದನ್ನ ಪರೀಕ್ಷೆ ಮಾಡಿದೀನಿ."

"ಎಷ್ಟರಲ್ಲಿಟ್ಟು ಭಾವ?" ನಾದಿನಿ ಕೇಳಿದಳು. ಅವಳು ಗಣಿತದ ಎಂ.ಎಸ್ಸಿ.

"ಹದಿನಾರರಲ್ಲಿ."

"ಹದಿನಾರರಲ್ಲಿ ಮಾತ್ರಾನಾ?"

ಈ ಸಂಭಾಷಣೆ ನಡೆದದ್ದು ಹೀಗೆ ಎಂದು ಅಕ್ಕ ತಂಗಿ ಇಬ್ಬರೂ ಹೇಳುತ್ತಾರೆ. ನನ್ನ ನೆನಪಿನಲ್ಲಿ ಅವಳು ಆಗ ಅಡುಗೆಮನೆಯಲ್ಲಿದ್ದಾಳೆ, ಆ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುತ್ತೇನೆ. ಇಬ್ಬರು ಒಂದು ಕಡೆ, ನಾನೊಬ್ಬ ಇನ್ನೊಂದು ಕಡೆ. ನೆಗೆಟಿವ್ ಈ ವಿಷಯದಲ್ಲಿ ಮೂಕ. ಇರಲಿ, ಅವಳಿಗೇ ಕೊಡುತ್ತೇನೆ. ಎರಡು ಗೆರೆಗಳು ಒಂದು ಬಿಂದುವಿನಲ್ಲಿ ಸೇರಿದ ಮಾತ್ರಕ್ಕೆ ಒಂದೇ ಗೆರೆಯಾಗುವುದಿಲ್ಲ ಎಂದು ಪಾಠ ಹೇಳಬಲ್ಲ ನಾನು, ಒಂದೇ ಬಿಂದುವಿನಲ್ಲಿ ಅಳೆದು ಬಂದಿದ್ದೆ.

ಆಮೇಲಿನದು ಮಾತ್ರ ಖಂಡಿತ ನನ್ನದು. ಅಂಕಿಯ ಅರ್ಥ ಒಂದು ಭಾಗಾಕಾರ. ಲೆನ್ಸಿನ ನೋಟದ ಉದ್ದವನ್ನು ತೂತಿನ ಅಗಲದಿಂದ ಭಾಗಿಸಿದರೆ ಅಂಕಿ ಬರಬೇಕು. ಎಂಟು ಇಂಚಿನ ಲೆನ್ಸು, ಅರವತ್ನಾಲ್ಕು; ತೂತು ಇಂಚಿನ ಎಂಟನೇ ಒಂದು ಭಾಗ ಇರಬೇಕು. ಅಳೆಯೋಣವೆಂದು ರೇಷ್ಮೆ ವಸ್ತ್ರದ ಕಡೆ ಕೈ ಚಾಚಿದೆ.

"ಅಪ್ಪಾ, ತೊಡಲ್ಲೇ!" ಮಗಳು ಕಿರುಚಿದಳು. ಮುಟ್ಟಬೇಡ ಎಂದು, ಅವಳಿಗೆ ಕೋಪ ಬಂದರೆ ಮಲಯಾಳಂ.

"ಸ್ಕೇಲ್ ಒಂದೇ, ಮಗಳೇ."

"ಸ್ಕೇಲ್ ತೆಗೆದ್ರೆ ಅವಳ ಗಣಿತದ ಪುಸ್ತಕಾನೂ ತೆಗೀಬೇಕಾಗುತ್ತೆ, ಅದಕ್ಕೆ ಅವಳಿಗೆ ಭಯ" ಎಂದಳು ಹೆಂಡತಿ. "ಟೇಪೂ ಇಲ್ಲ. ಅಳತೆ ಅನ್ನೋದೆಲ್ಲ ಒಳಗೆ ಹೋಗಿದೆ."

"ಏನ್ ಬೇಕ್ರಿ ಅಳತಿ? ಅಡಗೀಮನ್ಯಾಗ ಇರೂದೆಲ್ಲ ಅಳತೀನ" ಎಂದು ಷಡ್ಡಕರು ಬಾಯಲ್ಲಿದ್ದ ಕಡಲೆಯನ್ನು ಅಗಿಯುತ್ತಾ ನಕ್ಕರು.

ಅವರು ತಮಾಷೆಗೆ ಅಂದದ್ದು. ನಾನು ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ತೆರೆದೆ. ಧನಿಯಾ ಕಾಳು ಹೆಚ್ಚುಕಡಿಮೆ ಇಂಚಿನ ಎಂಟನೇ ಒಂದು. ಒಣ ಕಡಲೆ ಕಾಳು ಸುಮಾರು ಕಾಲಿಂಚು. ಎರಡನ್ನೂ ತಂದು, ಅರವತ್ನಾಲ್ಕಕ್ಕೆ ಇಟ್ಟ ಲೆನ್ಸಿನ ಮುಂದೆ ಹಿಡಿದು ನೋಡಿದೆ. ಧನಿಯಾ ಕಾಳು ಆ ತೂತಿನಲ್ಲಿ ಒಂಟಿಯಾಗಿ ಕಳೆದುಹೋಯಿತು. ಕಡಲೆ ಕಾಳು ಹಿಡಿದೆ. ಗ್ರಹಣದ ಹಾಗೆ ಸರಿಯಾಗಿ ಮುಚ್ಚಿತು.

"ಕಡಲೆ!" ಎಂದು ಕೂಗಿದೆನಂತೆ. ಪಕ್ಕದ ಮನೆಯ ಚೇಚಿ ಉಸಲಿ ಸಾಲದಾಯಿತೇನೋ ಎಂದು ಇಣುಕಿ ನೋಡಿದರಂತೆ.

ತೂತು ನಾನು ತಿಳಿದದ್ದಕ್ಕಿಂತ ಎರಡು ಪಟ್ಟು ಅಗಲ. ಅಂದರೆ ಅರವತ್ನಾಲ್ಕು ಎಂದು ಕೆತ್ತಿದ್ದು ನಮ್ಮ ಕಾಲದ ಲೆಕ್ಕದಲ್ಲಿ ಮೂವತ್ತೆರಡು. ನಾಲ್ಕು ಎಂದು ಕೆತ್ತಿದ್ದನ್ನು ತೆರೆದು, ಸುಮಾರು ಒಂದಿಂಚಿನ ಹೆಬ್ಬೆರಳ ಗೆಣ್ಣಿನ ಪಕ್ಕ ಇಟ್ಟು ನೋಡಿದೆ, ಸರಿಸಮ. ಅದು ಎಂಟು. ಹದಿನಾರು? ಹದಿನಾರು ಹದಿನಾರೇ. ಹಳೆಯ ಕಾಲದವರು ಬೇರೆ ಪದ್ಧತಿಯಲ್ಲಿ ಅಂಕಿ ಹಾಕಿದ್ದರು. ಅವರಿಗೆ ಅಂಕಿ ದುಪ್ಪಟ್ಟಾದರೆ ಹೊತ್ತೂ ದುಪ್ಪಟ್ಟು, ಅಷ್ಟೇ. ನಮ್ಮ ಹಾಗೆ ನಾಲ್ಕು ಪಟ್ಟಲ್ಲ. ನಿಜ ಹೇಳಬೇಕೆಂದರೆ ನಮ್ಮದಕ್ಕಿಂತ ಸರಳವಾದ ಪದ್ಧತಿ. ಎರಡು ಪದ್ಧತಿಗಳೂ ಕೈ ಕುಲುಕುವುದು ಹದಿನಾರರಲ್ಲಿ ಮಾತ್ರ, ನಾನು ಪರೀಕ್ಷೆಗೆ ಆರಿಸಿಕೊಂಡದ್ದೂ ಅದನ್ನೇ. ಬೇರೆ ಯಾವ ಅಂಕಿಯಲ್ಲಿ ಪರೀಕ್ಷಿಸಿದ್ದರೂ ಆವತ್ತೇ ಸಿಕ್ಕಿಬೀಳುತ್ತಿತ್ತು. ಹತ್ತು ಕಡೆ ಅಳೆಯುವ ತಾಳ್ಮೆ ಇದ್ದವನೂ ಈ ತಪ್ಪು ಮಾಡುತ್ತಿರಲಿಲ್ಲ, ಏನೂ ಅಳೆಯದೆ ಅಂದಾಜಿನಲ್ಲಿ ತೆಗೆಯುವವನೂ ಮಾಡುತ್ತಿರಲಿಲ್ಲ. ಒಂದು ಸಲ ಅಳೆದು ಧೈರ್ಯ ತಂದುಕೊಳ್ಳುವವನೇ ಬೇಕಿತ್ತು.

ದಶಮಿಯ ಬೆಳಿಗ್ಗೆ ಪೂಜೆ ಮುಗಿದು ಪುಸ್ತಕಗಳು ಹೊರಬಂದವು. ಮೊದಲು ನನ್ನ ಪುಸ್ತಕ ತೆರೆದೆ. ಕೊನೆಯ ಪುಟಗಳ ಸಣ್ಣ ಅಕ್ಷರದಲ್ಲಿ ಆ ಹಳೆಯ ಪದ್ಧತಿಯ ವಿಷಯ ಇತ್ತು, ಕಡಲೆ ಕಾಳು ಹೇಳಿದ ಹಾಗೇ ಇತ್ತು. ಬಿಸಿಲು ಕಿಟಕಿಗೆ ಬಂದಿತ್ತು. ಮತ್ತೆ ಬಟ್ಟೆ, ಮತ್ತೆ ಓರೆ, ಮತ್ತೆ ಅರವತ್ನಾಲ್ಕು. ಈ ಸಲ ಮುಚ್ಚಳ ತೆಗೆದು ಅರ್ಧ ನಿಮಿಷದ ಆಸುಪಾಸಿನಲ್ಲೇ ಮುಚ್ಚಿದೆ.

"ಇ‌ಷ್ಟೇನಾ?" ಎಂದಳು ಹೆಂಡತಿ. ಮೊನ್ನೆಯ ಮೌನಕ್ಕೆ ಹೋಲಿಸಿದರೆ ಅವಳಿಗೆ ಮೋಸವಾದಂತೆ ಅನ್ನಿಸಿರಬೇಕು.

"ಇಷ್ಟೇ."

ಅವಳು ಬಚ್ಚಲುಮನೆಯ ಬಾಗಿಲ ಹೊರಗೆ ನಿಂತಿದ್ದಳು. ಕತ್ತಲಲ್ಲಿ ದ್ರಾವಣದ ತಟ್ಟೆಯನ್ನು ಅಲ್ಲಾಡಿಸುತ್ತಾ ಅವಳ ಬಳೆಯ ಸದ್ದು ಕೇಳುತ್ತಿದ್ದೆ. ದೀಪ ಹಾಕಿ ನೆಗೆಟಿವ್ ಎತ್ತಿ ಹಿಡಿದಾಗ ಮೊದಲು ಕಂಡದ್ದು ರಾಣಿಯ ಕಣ್ಣು. ನೆಗೆಟಿವ್‌ನಲ್ಲಿ ಎಲ್ಲ ತಿರುಗುಮುರುಗು, ಕಪ್ಪು ಮುಖದಲ್ಲಿ ಬಿಳಿ ಕಣ್ಣು. ಆದರೆ ಇತ್ತು. ಬಾಗಿಲು ತೆರೆದು "ಕಣ್ಣಿದೆ" ಎಂದೆ.

ಮಧ್ಯಾಹ್ನ ಪ್ರಿಂಟ್ ಒಣಗಿತು. ಫಿಲ್ಮಿನಷ್ಟೇ ದೊಡ್ಡ ಪ್ರಿಂಟ್. ಅಕ್ಕ ತಂಗಿ ಚಾಪೆಯ ಮೇಲೆ ಕೂತು ಭೂತಗನ್ನಡಿ ಹಿಡಿದು, ಪ್ರಿಂಟಿನಿಂದ ಮೆಟ್ಟಿಲಿಗೆ, ಮೆಟ್ಟಿಲಿನಿಂದ ಪ್ರಿಂಟಿಗೆ ಕಣ್ಣು ಓಡಿಸಿದರು. ಶೆಟ್ಟಿಯ ತಕ್ಕಡಿಯ ದಾರ. ಕೊಳಲಿನವನ ಉಬ್ಬಿದ ಕೆನ್ನೆ. ಮೂಲೆಯಲ್ಲಿ ಕೊನೆಯ ಒಂಟೆ, ಅದರ ಮೂಗುದಾರದ ಸಮೇತ.

"ಇವನಿಗೆ ಮೀಸೆ ಇಲ್ಲ ಕಣೇ!" ನಾದಿನಿ ಕೂಗಿದಳು. "ಸಾಲಿನಲ್ಲಿ ಇವನೊಬ್ಬನಿಗೇ ಇಲ್ಲ. ಇಷ್ಟು ವರ್ಷ ನೋಡಿಯೇ ಇರ್ಲಿಲ್ಲ."

"ಅಳಿಸಿಹೋಗಿರ್ಬೇಕು."

"ಇಲ್ಲ ಅಕ್ಕ, ಬರೆದೇ ಇಲ್ಲ. ಹುಡುಗ ಅವನು."

ಇಬ್ಬರೂ ಎದ್ದು ಹೋಗಿ ಆ ಸಿಪಾಯಿಯನ್ನು ನೋಡಿದರು. ಹೌದು, ಬರೆದೇ ಇರಲಿಲ್ಲ. ನನಗೆ ಅಂದು ಬೇರೆ ಯಾವ ಪ್ರಶಸ್ತಿಯೂ ಬೇಡವಾಗಿತ್ತು. ಕಣ್ಣಿಗೆ ಅಷ್ಟು ವರ್ಷ ಕಾಣದ್ದನ್ನು ಎರಡು ತುಂಡು ಗಾಜು ಕಂಡಿತ್ತು, ಅದನ್ನು ಅಕ್ಕಿಯೊಳಗಿಂದ ಆರಿಸಿ ತಂದವನು ನಾನು. ಷಡ್ಡಕರು ಕೂಡ ಭೂತಗನ್ನಡಿ ಕೇಳಿ ಪಡೆದು, ಬಹಳ ಹೊತ್ತು ನೋಡಿ, "ಕೊಡೆ ಹಿಡಿಕಿ ಪಾಸಾತ್ರಿ" ಎಂದರು.

ಸಂಜೆ ಆರತಿಯಾಯಿತು. ಹೆಂಡತಿ ಪಟ್ಟದ ಗೊಂಬೆಯನ್ನು ಮಲಗಿಸಿದಳು. ಮರುದಿನ ಬೆಳಿಗ್ಗೆ ಎರಡು ಪೆಟ್ಟಿಗೆ ತೆರೆದಿಟ್ಟು ಪಾಲು ಶುರುವಾಯಿತು. ಶೆಟ್ಟಿ ನಮ್ಮಲ್ಲಿ, ದಶಾವತಾರ ಅವರಲ್ಲಿ. ಮೆರವಣಿಗೆಯ ಸರದಿ ಬಂದಾಗ ನಾದಿನಿ ಸಿಪಾಯಿಗಳನ್ನು ಎರಡು ಸಾಲು ಮಾಡತೊಡಗಿದಳು. ಹೆಂಡತಿ ಅವಳ ಕೈ ಹಿಡಿದು ನಿಲ್ಲಿಸಿದಳು.

"ಒಡೀಬೇಡ. ಪೂರ್ತಿ ನೀನೇ ತಗೊಂಡ್ಹೋಗು."

"ನಿನಗೆ?"

"ನನ್ ಹತ್ರ ಇದೆಯಲ್ಲ" ಎಂದು ಪ್ರಿಂಟ್ ಇದ್ದ ಗೋಡೆಗೂಡಿನ ಕಡೆ ತೋರಿಸಿದಳು.

ಇದನ್ನು ಬರೆದು ಅವಳಿಗೆ ಓದಿ ಹೇಳಿದೆ. ಫೋಟೋ ಚೆನ್ನಾಗಿ ಬಂತೆಂದು ಕೊಟ್ಟದ್ದಲ್ಲ, ತಂಗಿಯ ಮುಖ ನೋಡಿ ಕೊಟ್ಟದ್ದು ಎಂದಳು. ಇರಬಹುದು. ಆದರೆ ಕೈ ಹೋದದ್ದು ಗೋಡೆಗೂಡಿನ ಕಡೆ, ಅದನ್ನು ನಾನು ನೋಡಿದ್ದೇನೆ. ನೋಡಿದ್ದೇನೆ ಎಂದೇ ನಂಬಿದ್ದೇನೆ.

ಮುಂದಿನ ನವರಾತ್ರಿಗೆ ಕಳಮಶ್ಶೇರಿಗೆ ಹೋದೆವು. ಮೆರವಣಿಗೆ ನಾದಿನಿಯ ಮನೆಯ ಮೆಟ್ಟಿಲ ಮೇಲೆ ಹೊರಟಿತ್ತು. ವಾದ್ಯದವರು ಆನೆಯ ಹಿಂದೆ ಹೋಗಿದ್ದರು. ಹೆಂಡತಿ ಚೀಲದಿಂದ ಪ್ರಿಂಟ್ ತೆಗೆದು ತಂಗಿಯ ಮುಂದೆ ಹಿಡಿದಳು. ಇಬ್ಬರೂ ನೋಡಿ ನೋಡಿ ಸಾಲು ಸರಿಪಡಿಸಿದರು. ಗೊಂಬೆ ನೋಡಲು ಬಂದಿದ್ದ ಪಕ್ಕದ ಮನೆಯವರು ಆ ಪ್ರಿಂಟನ್ನು ಕೈಗೆ ತೆಗೆದುಕೊಂಡು, ಹತ್ತಿರ ಹಿಡಿದು, ದೂರ ಹಿಡಿದು, ಇದನ್ನು ಯಾವ ಸ್ಟುಡಿಯೋದಲ್ಲಿ ತೆಗೆಸಿದ್ದು ಎಂದು ಮಲಯಾಳಂನಲ್ಲಿ ಕೇಳಿದರು. ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಹೆಂಡತಿ ಸಿಪಾಯಿಯೊಬ್ಬನನ್ನು ನೆಟ್ಟಗೆ ನಿಲ್ಲಿಸುತ್ತಾ, ತಿರುಗಿಯೂ ನೋಡದೆ ಉತ್ತರ ಕೊಟ್ಟಳು.

"ಸ್ಟುಡಿಯೋ ಅಲ್ಲ. ಇದ್ದೇಹಂ ಎಡುತ್ತದಾ." ಇವರು ತೆಗೆದದ್ದು.